ಗೆಂಡೆಮೀನಿನ ಜಾತಿ ಕೇಳಬಾರದೇ?



ಕಳೆದ ತಿಂಗಳು ಬೆಳಗಾವಿಯ ಮದುವೆಯೊಂದರ ಪಂಕ್ತಿಯಲ್ಲಿ ಬಂಧುವೊಬ್ಬರು ನನ್ನನ್ನು ಕೆಣಕಿದರು: “ಮಾಸ್ತರರೇ, ಜನ ಕುಡಿಯುವ ನೀರಿಗೆ ಪರದಾಡುವಾಗ ನಿಮಗೆ ಹಳ್ಳದ ಮೀನಿನ ಜಾತಿ ಎಣಿಸುವ ಚಿಂತೆಯೇ?” ಎಲೆಯ ಮುಂದೆ ವಾದ ಸಲ್ಲದೆಂದು ಸುಮ್ಮನಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಹರಿದು, ಗೋವೆಯಲ್ಲಿ ಮಾಂಡವಿಯೆನಿಸಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ನಮಗೆ ಅರ್ಧ ದಿನದ ನಡಿಗೆಯಾದ ಆ ನಡುವಿನ ದಿಬ್ಬ, ಬೆರಳುದ್ದದ ಮೀನಿಗೆ ದಾಟಲಾಗದ ಗೋಡೆ. 2018ರ ನ್ಯಾಯಾಧಿಕರಣದ ತೀರ್ಪು ಕಳಸಾ-ಬಂಡೂರಿ ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ನೀಡಿತು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀರಿನೊಡನೆ ಮೊಟ್ಟೆ, ಮರಿಗಳೂ ದಾಟಬಲ್ಲವು. ಯಾರು ದಾಟುತ್ತಾರೆಂದು ಮೊದಲೇ ತಿಳಿದುಕೊಳ್ಳಬೇಕೆಂಬುದಷ್ಟೇ ನನ್ನ ಹಟ.

ಈ ಹಟಕ್ಕೆ ನನ್ನದೇ ಒಂದು ತಪ್ಪು ಕಾರಣ. ಖಾನಾಪುರದಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬ ಘಟ್ಟದ ಎರಡು ಮಗ್ಗುಲಿನ ಹಳ್ಳಗಳಿಂದ ಎರಡು ಬಾಟಲಿಗಳಲ್ಲಿ ಗೆಂಡೆಮೀನು ತಂದು, “ಇವು ಬೇರೆ ಬೇರೆ ಸರ್” ಎಂದಿದ್ದ. ನಾನು ಎರಡಕ್ಕೂ ‘ಪಂಟಿಯಸ್’ ಎಂದು ಚೀಟಿ ಅಂಟಿಸಿ, ಅವನನ್ನು ಗದರಿಸಿ ಕಳಿಸಿದೆ. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಾಗೊಡ ಮತ್ತು ಸಂಗಡಿಗರು ಮೂಳೆಗಳ ಜೊತೆಗೆ ವಂಶವಾಹಿಗಳನ್ನೂ ಪರೀಕ್ಷಿಸಿ, ಆ ಒಂದೇ ಚೀಟಿಯಡಿ ಇದ್ದ ದಕ್ಷಿಣ ಏಷ್ಯಾದ ಮೀನುಗಳಿಂದ ಡಾಕಿನ್ಸಿಯಾ, ಪೆಥಿಯಾ ಮುಂತಾದ ಕುಲಗಳನ್ನು ಬೇರ್ಪಡಿಸಿದರು. 2015ರಲ್ಲಿ ನಮ್ಮ ಕುದುರೆಮುಖದ ಕಡೆಯ ತುಂಗೆಯಿಂದಲೇ ಪೆಥಿಯಾ ಸ್ಟ್ರಯಾಟಾ ಎಂಬ ಹೊಸ ಪ್ರಭೇದ ವರದಿಯಾಯಿತು. ಅದನ್ನು ಓದಿದ ದಿನ ನನಗೆ ಆ ಹುಡುಗನ ಬಾಟಲಿಗಳು ನೆನಪಾದವು.

ವಿಧಾನವೂ ದುಬಾರಿಯಲ್ಲ. ರೆಕ್ಕೆಯ ಚೂರಿನಿಂದ ಮೈಟೊಕಾಂಡ್ರಿಯದ ‘ಸಿಒಐ’ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿದರೆ ಬಹುಮಟ್ಟಿಗೆ ಪ್ರಭೇದ ತಿಳಿಯುತ್ತದೆ. ಆದರೆ ಇದೇ ಸರ್ವಸ್ವ ಎನ್ನುವವರೊಡನೆಯೂ ನನಗೆ ಜಗಳವಿದೆ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಎರಡು ನದಿಯ ಮೀನುಗಳು ಬೆರೆತು ಹುಟ್ಟಿದ ಮರಿ ಈ ಪರೀಕ್ಷೆಯಲ್ಲಿ ತಾಯಿಯ ಕುಲದ್ದೆಂದೇ ತೋರುತ್ತದೆ. ತಂದೆಯ ಗುರುತು ಸಿಗುವುದಿಲ್ಲ. ಆದ್ದರಿಂದ ಹುರುಪೆಗಳನ್ನು ಎಣಿಸುವ ಹಳೆಯ ವಿದ್ಯೆಯೂ ಬೇಕು, ಕೋಶಕೇಂದ್ರದ ವಂಶವಾಹಿಗಳೂ ಬೇಕು. ಎಲ್ಲಕ್ಕಿಂತ ಮೊದಲು, ಎರಡೂ ಮಗ್ಗುಲಿನ ಮೀನುಗಳ ಮಾದರಿಗಳನ್ನು ನೀರು ಕೂಡುವ ಮುನ್ನವೇ ಸಂಗ್ರಹಿಸಿರಬೇಕು. ಕೂಡಿದ ಮೇಲೆ ಹಿಂದೆ ಏನಿತ್ತೆಂದು ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ.

ಬಂಧುಗಳೇ, ನೀರು ಬೇಡವೆಂದು ನಾನೆಲ್ಲಿ ಹೇಳಿದೆ? ಮನೆ ಬದಲಿಸುವಾಗ ಸಾಮಾನಿನ ಪಟ್ಟಿ ಬರೆದುಕೊಳ್ಳುತ್ತೇವಲ್ಲ, ಅಷ್ಟು ಎಚ್ಚರ ನದಿಯ ವಿಷಯದಲ್ಲೂ ಇರಲಿ ಎಂದೆ. ಆ ಹುಡುಗ ಈಗ ಎಲ್ಲಿರುವನೋ. ಇದನ್ನು ಓದಿದರೆ ತಿಳಿಯಲಿ: ಅಂದು ತಪ್ಪಿದ್ದು ಅವನಲ್ಲ, ನಾನು.