ಕೆಲಸಗಾರರು ಮೊದಲೇ ಹೇಳಿರುತ್ತಾರೆ

ಅಮೆರಿಕದ ರೆಂಟನ್‌ನಲ್ಲಿರುವ ಬೋಯಿಂಗ್ ಕಾರ್ಖಾನೆಯ ಹಿರಿಯ ವ್ಯವಸ್ಥಾಪಕರಾಗಿದ್ದ ಎಡ್ ಪಿಯರ್ಸನ್ 2018ರ ಜೂನ್‌ನಲ್ಲಿ ಮೇಲಧಿಕಾರಿಗೆ ಪತ್ರ ಬರೆದರು. ತಿಂಗಳಿಗೆ 47 ಇದ್ದ 737 ವಿಮಾನಗಳ ತಯಾರಿಕೆಯನ್ನು 52ಕ್ಕೇರಿಸುವ ಅವಸರದಲ್ಲಿ ಕೆಲಸಗಾರರು ಓವರ್‌ಟೈಮ್ ಮಾಡಿ ಬಸವಳಿದಿದ್ದರು. ದಣಿದವರ ಕೈಯಲ್ಲಿ ತಪ್ಪಾಗುತ್ತದೆ, ಸ್ವಲ್ಪ ಕಾಲ ಕೆಲಸ ನಿಲ್ಲಿಸಿ ಎಂಬುದು ಪಿಯರ್ಸನ್ ಕೋರಿಕೆ. ನನ್ನ ಮನೆಯವರನ್ನು ಬೋಯಿಂಗ್ ವಿಮಾನ ಹತ್ತಿಸಲು ಮನಸ್ಸು ಹಿಂಜರಿಯುತ್ತಿದೆ ಎಂದೂ ಬರೆದಿದ್ದರು. ಕೆಲಸ ನಿಲ್ಲಲಿಲ್ಲ. ಅಕ್ಟೋಬರ್ 29ರಂದು ಲಯನ್ ಏರ್‌ನ 737 ಮ್ಯಾಕ್ಸ್ ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಮುಂದಿನ ಮಾರ್ಚ್ 10ರಂದು ಇಥಿಯೋಪಿಯದಲ್ಲಿ ಅದೇ ಮಾದರಿಯ ವಿಮಾನ ಬಿದ್ದು ಇನ್ನೂ 157 ಜನ.

ಆ ಎರಡೂ ದುರಂತಗಳ ಮೂಲದಲ್ಲಿದ್ದದ್ದು ಒಂದೇ ಸೆನ್ಸರನ್ನು ನಂಬಿ ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತುತ್ತಿದ್ದ ತಂತ್ರಾಂಶ. ಪಿಯರ್ಸನ್ ಬರೆದದ್ದು ಅದರ ಬಗ್ಗೆಯಲ್ಲ, ನಿಜ. ಆದರೆ ವೇಳಾಪಟ್ಟಿಯ ಮುಂದೆ ನೌಕರರ ಮಾತಿಗೆ ಬೆಲೆಯಿಲ್ಲದ ಕಂಪನಿಯಲ್ಲಿ ಯಾವ ತಪ್ಪು ಎಲ್ಲಿ ಬಾಯಿ ತೆರೆಯುತ್ತದೆಂದು ಹೇಳಲಾಗದು. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನದ ಬಾಗಿಲ ಮುಚ್ಚಳ ಆಕಾಶದಲ್ಲೇ ಕಳಚಿತು. ಅದನ್ನು ಹಿಡಿದಿಡಬೇಕಾದ ಬೋಲ್ಟುಗಳನ್ನೇ ಹಾಕಿರಲಿಲ್ಲ. ಮರುತಿಂಗಳು ಬಂದ ತಜ್ಞರ ಸಮಿತಿಯ ವರದಿ, ದೂರು ಕೊಟ್ಟರೆ ಸೇಡು ತೀರಿಸಿಕೊಂಡಾರೆಂಬ ಅಳುಕು ಬೋಯಿಂಗ್ ನೌಕರರಲ್ಲಿದೆ ಎಂದಿತು. ದೂರು ಹೇಳಲೊಂದು ವ್ಯವಸ್ಥೆ ಅಲ್ಲಿ ಇತ್ತು. ಅದರ ಮೇಲೆ ನಂಬಿಕೆಯಿರಲಿಲ್ಲ.

ಈ ಮಾತನ್ನು ಬೆಂಗಳೂರಿನಲ್ಲಿ ಕೂತು ಏಕೆ ಬರೆಯಬೇಕು? ಅದೇ ಜನವರಿಯಲ್ಲಿ ದೇವನಹಳ್ಳಿಯ ಬಳಿ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿಯ ಬೋಯಿಂಗ್ ಎಂಜಿನಿಯರಿಂಗ್ ಕೇಂದ್ರ ಉದ್ಘಾಟನೆಯಾಯಿತು. ಅಲ್ಲಿ ಲೋಪವಾಗಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಜಾಗತಿಕ ಕಂಪನಿಗಳ ಇಂಥ 500 ಹೊಸ ಕೇಂದ್ರಗಳನ್ನು 2029ರೊಳಗೆ ತರುವುದು ರಾಜ್ಯ ಸರ್ಕಾರದ ಗುರಿ. ವಿಮಾನ, ಕಾರು, ವೈದ್ಯಕೀಯ ಯಂತ್ರಗಳ ವಿನ್ಯಾಸ, ಪರೀಕ್ಷೆಗಳು ನಮ್ಮ ಹುಡುಗ ಹುಡುಗಿಯರ ಕೈಗೆ ಬರುತ್ತಿವೆ. ಪರೀಕ್ಷೆ ಪೂರ್ತಿಯಾಗಿಲ್ಲ, ಈಗ ಬಿಡುಗಡೆ ಬೇಡ ಎನ್ನಬೇಕಾದ ದಿನ ಅವರಿಗೂ ಬರುತ್ತದೆ. ತೀರ್ಮಾನಿಸುವವರು ಸಾಗರದಾಚೆ. ರೇಟಿಂಗ್ ಕೊಡುವ ಮ್ಯಾನೇಜರ್ ಎದುರಿಗೇ ಇರುತ್ತಾರೆ, ಮನೆ ಸಾಲದ ಕಂತು ತಿಂಗಳ ಮೊದಲ ವಾರವೇ ಕಟ್ಟಬೇಕು. ಕೆಲಸ ತಡೆದವರಿಗೆ ‘ಟೀಮ್ ಪ್ಲೇಯರ್ ಅಲ್ಲ’ ಎಂಬ ಹಣೆಪಟ್ಟಿ ಅಂಟಲು ಒಂದು ಮೀಟಿಂಗ್ ಸಾಕು.

ಕಾನೂನಿನ ಆಸರೆ ತೀರಾ ತೆಳು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆ 2014ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಸರ್ಕಾರಿ ವಲಯಕ್ಕಷ್ಟೇ ಸಂಬಂಧಿಸಿದ್ದು. ಅದನ್ನೂ ಜಾರಿಗೆ ತರದೆ ವರ್ಷಗಳನ್ನು ಕಳೆಯಲಾಯಿತು. ಕಂಪನಿ ಕಾಯ್ದೆ ಕೇಳುವ ದೂರು ವ್ಯವಸ್ಥೆ ಮುಖ್ಯವಾಗಿ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ.

ಜಮೀನು, ರಿಯಾಯಿತಿ ಕೊಡುವ ರಾಜ್ಯ ಸರ್ಕಾರ ಷರತ್ತನ್ನೂ ಹಾಕಬಹುದು. ಸುರಕ್ಷತೆಯ ದೂರು ಬಡ್ತಿ, ಸಂಬಳ ನಿರ್ಧರಿಸುವವರ ಕೈಗೆ ಹೋಗಬಾರದು. ದೂರು ಕೊಟ್ಟವರನ್ನು ವರ್ಷದೊಳಗೆ ಕೆಲಸದಿಂದ ತೆಗೆದರೆ ಕಾರಣವನ್ನು ಕಂಪನಿ ಕಾರ್ಮಿಕ ಇಲಾಖೆಗೆ ಲಿಖಿತವಾಗಿ ಕೊಡಬೇಕು. ಹೊಸ ಒಪ್ಪಂದಗಳಿಗೆ ಸಹಿ ಬೀಳುವ ಮೊದಲೇ ಇವನ್ನು ಬರೆದುಕೊಳ್ಳಬೇಕು.