ಗುಳೆ ಹೋದವರ ಮಕ್ಕಳು

“ಮಕ್ಕಳನ್ನು ಶಾಲೆ ಬಿಡಿಸಿ ಬೆಂಗಳೂರಿಗೆ ಎಳೆದೊಯ್ಯುವ ಇವರೂ ಹೆತ್ತವರೇ?” ಗುಳೆ ಹೋಗುವವರ ಬಗೆಗೆ ನಮ್ಮ ವಿದ್ಯಾವಂತರು ಆಡುವ ಈ ಮಾತನ್ನು ಕೇಳಿ ಕೇಳಿ ಮನಸ್ಸು ರೋಸಿದೆ. ಮಗ ಇಂಜಿನಿಯರಾಗಿ ಮೊಮ್ಮಗುವಿನೊಡನೆ ಅಮೆರಿಕಕ್ಕೆ ಹೊರಟರೆ ಅದು ಮಗುವಿನ ಭವಿಷ್ಯ. ಕುಷ್ಟಗಿಯ ಕೂಲಿಕಾರ ಕೂಸನ್ನು ಹೊತ್ತು ಬೆಂಗಳೂರಿನ ಬಸ್ಸು ಹತ್ತಿದರೆ ಅದು ಅಪರಾಧ!

ಗಂಗಾವತಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಕುಷ್ಟಗಿ, ಯಲಬುರ್ಗಾಗಳ ಹೆಚ್ಚಿನ ಹೊಲಗಳಿಗೆ ಮುಗಿಲೊಂದೇ ಗತಿ. ಮಳೆ ಕೈಕೊಟ್ಟ ವರ್ಷ ಅಲ್ಲಿಯವರು ಬೆಂಗಳೂರು, ಮಂಗಳೂರು, ಗೋವಾಗಳ ಕಟ್ಟಡ ಕೆಲಸ ಹುಡುಕಿ ಹೊರಡುತ್ತಾರೆ. ಮುಂಗಡ ಕೊಡುವ ಮೇಸ್ತ್ರಿಗೂ ಬೇಕಾದದ್ದು ಗಂಡಹೆಂಡಿರ ಜೋಡಿಯೇ. ಜೋಡಿಯನ್ನು ಕರೆದ ಮೇಲೆ ಮೊಲೆಗೂಸು ಊರಲ್ಲಿ ಉಳಿದೀತೇ? ಅಜ್ಜಿಯಿದ್ದ ಮನೆಯ ದೊಡ್ಡ ಮಕ್ಕಳು ಹೇಗೋ ಶಾಲೆಯಲ್ಲಿ ಉಳಿಯುತ್ತಾರೆ. ಅವಳೂ ಇಲ್ಲವಾದರೆ ಎಂಟು ವರ್ಷದ ಅಕ್ಕನೇ ತಗಡಿನ ಶೆಡ್ಡಿನಲ್ಲಿ ತಮ್ಮನಿಗೆ ತಾಯಿಯಾಗಬೇಕು.

ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ವರ್ಗಾವಣೆ ಪತ್ರ ತಡವಾಯಿತೆಂಬ ನೆವದಿಂದ ಶಾಲೆಗೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಹೆಬ್ಬೆಟ್ಟೊತ್ತುವ ತಂದೆ ಇದನ್ನೆಲ್ಲ ಓದಿಕೊಂಡು ಮೇಸ್ತ್ರಿಯೊಡನೆ ವಾದಿಸಬೇಕೇ? ಓದಬಲ್ಲವರು ನಾವು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೋಗುವವರೂ ನಾವೇ. ಅಡಿಗೆಮನೆಯ ಗ್ರಾನೈಟನ್ನು ತಟ್ಟಿ ನೋಡುವಾಗ, ಇದನ್ನು ಕಟ್ಟಿದವರ ಮಕ್ಕಳು ಹಗಲೆಲ್ಲ ಎಲ್ಲಿದ್ದರೆಂದು ಬಿಲ್ಡರನ್ನೂ ಒಂದು ಮಾತು ಕೇಳೋಣ.