ಅಠಾರಾ ಕಚೇರಿಯ ಎರಡನೆಯ ಕಾಯಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸದ್ಭಕ್ತರು ವ್ಯಾಜ್ಯದ ನಿಮಿತ್ತ ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋಗುವುದುಂಟು. ಎತ್ತರದ ಕಂಬಸಾಲಿನ, ಗ್ರೀಕ್-ರೋಮನ್ ಮಾದರಿಯ ಆ ಕೆಂಪು ಸೌಧವೇ ಅಠಾರಾ ಕಚೇರಿ. ಕಮಿಷನರ್ ಬೌರಿಂಗರ ಆಡಳಿತದಲ್ಲಿ, 1860ರ ದಶಕದಲ್ಲಿ ನಿರ್ಮಾಣವಾದ ಇದರಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಆ ಹೆಸರು ಬಂದಿತು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-18ರ ಅವಧಿಯಲ್ಲಿ ಸಂಸ್ಥಾನದ ಸಚಿವಾಲಯವು ಇಲ್ಲಿಯೇ ಇದ್ದಿತು.

1956ರಲ್ಲಿ ಎದುರಿಗೆ ವಿಧಾನಸೌಧವು ಪೂರ್ಣಗೊಂಡಿತು. ಇಲಾಖೆಗಳು ಅತ್ತ ಸಾಗಿದವು. ಇಲ್ಲಿ ನ್ಯಾಯದಾನವು ನೆಲೆಗೊಂಡಿತು. 1980ರ ದಶಕದಲ್ಲಿ ಕಟ್ಟಡವನ್ನು ಕೆಡಹುವ ಆಲೋಚನೆ ಹೊರಟಾಗ, ನಾಗರಿಕರು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡ ಉಳಿಯಿತು.

ಕಟ್ಟಿಸಿದವರು ಪರಕೀಯರಾದರೇನು? ತೆತ್ತ ಕಂದಾಯ ನಮ್ಮ ರೈತರದು. ಆದುದರಿಂದ ಅದು ನಮ್ಮ ಸೊತ್ತು.

2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ಕಚೇರಿಗಳು ಏಳುವುದು ಸಂತೋಷವೇ. ಆದರೆ ಊರಿನ ಹಳೆಯ ಕಟ್ಟಡವೊಂದು ತೆರವಾದಾಗ, ಹಾರೆ ಎತ್ತುವ ಮುನ್ನ ಹಿರಿಯರು ಕೂಡಿ ಕೇಳಬೇಕು: ಒಂದು ಕಾಯಕ ಮುಗಿದ ಮಾತ್ರಕ್ಕೆ ಆಯುಷ್ಯ ಮುಗಿಯಿತೆ? ವಾಚನಾಲಯಕ್ಕೊ, ಮಕ್ಕಳ ಶಾಲೆಗೊ ಅದು ಒದಗದೆ? ಕೇಳುವವರಿದ್ದುದರಿಂದಲೇ ಅಠಾರಾ ಕಚೇರಿ ಇಂದಿಗೂ ನಿಂತಿದೆ ಎಂಬುದನ್ನು ನಾವು ಮರೆಯಬಾರದು.